ಸಳನ ಕೈಯ ಹಿಡಿ

ಚಾರ್ಮಾಡಿ ಘಟ್ಟವನ್ನು ಹತ್ತಿ ಕೊಟ್ಟಿಗೆಹಾರಕ್ಕೆ ಬಂದವರು ಸಾಮಾನ್ಯವಾಗಿ ನೀರುದೋಸೆಗಾಗಿ ನಿಲ್ಲುತ್ತಾರೆ. ಇಲ್ಲಿಂದ ಒಂದು ದಾರಿ ಬಾಳೂರಿನ ಕಡೆಯಿಂದ ಕಳಸ, ಹೊರನಾಡುಗಳಿಗೆ ಹೋದರೆ ಇನ್ನೊಂದು ಮೂಡಿಗೆರೆಗೆ ಇಳಿಯುತ್ತದೆ. ತೋಟದ ಕೆಲಸಕ್ಕೆ ಹೊರಟವರ ಸೊಂಟದ ಹಿಂದೆ ಕೊಕ್ಕೆಗೆ ಸಿಕ್ಕಿಸಿದ ಕತ್ತಿಯನ್ನು ಈ ಸೀಮೆಯಲ್ಲಿ ಇಂದಿಗೂ ಕಾಣಬಹುದು. ಅದನ್ನು ಸೆಳೆದು ಹಿಡಿಯುವ ಕೈಯನ್ನು ಗಮನಿಸಿದರೆ ಅಲಗು ಯಾವಾಗಲೂ ಹೆಬ್ಬೆರಳಿನ ಕಡೆಗೇ ಇರುತ್ತದೆ. ಕಸಿ ಮಾಡುವವನಿಗೂ ಬಳ್ಳಿ ಸವರುವವನಿಗೂ ಬೇರೆ ಹಿಡಿತದ ಅಗತ್ಯವಿಲ್ಲ. ಕಾದಾಟದಲ್ಲಿ ಮಾತ್ರ ಈ ಸಂಗತಿ ಬದಲಾಗುತ್ತದೆ. ಇದೇ ಮೂಡಿಗೆರೆ ತಾಲೂಕಿನ ಅಂಗಡಿ, ಅಂದರೆ ಶಾಸನಗಳ ಸೊಸೆವೂರು, ಕನ್ನಡ ನಾಡಿನ ಅತ್ಯಂತ ಪ್ರಸಿದ್ಧ ಕತ್ತಿಯ ಕಾಳಗವೊಂದರ ಸ್ಥಳವೆಂದು ಹೆಸರಾಗಿರುವುದರಿಂದ ಈ ವಿಷಯವನ್ನು ಅಲ್ಲಿಂದಲೇ ತೊಡಗಬಹುದು.

ಕಥೆ ಎಲ್ಲರಿಗೂ ತಿಳಿದದ್ದು. ವಾಸಂತಿಕಾ ದೇವಿಯ ಗುಡಿಯ ಬಳಿ ಜೈನಮುನಿ ಸುದತ್ತರ ಮೇಲೆ ಹುಲಿಯೆರಗಿತು. ಮುನಿಗಳು 'ಪೊಯ್ ಸಳ' ಎಂದರು. ಸಳನು ಹೊಡೆದು ಕೊಂದನು. ವಂಶಕ್ಕೆ ಪೊಯ್ಸಳವೆಂಬ ಹೆಸರಾಯಿತು. ಈ ಕಥೆಯ ಮೊದಲ ದಾಖಲೆ ಎಂದು ವಿದ್ವಾಂಸರು ಎತ್ತಿಹೇಳುವುದು ವಿಷ್ಣುವರ್ಧನನ 1117ರ ಬೇಲೂರು ಶಾಸನವನ್ನು. ಅದಕ್ಕೆ ಹಿಂದಿನ ವರ್ಷವಷ್ಟೇ ತಲಕಾಡಿನಲ್ಲಿ ಚೋಳರು ಸೋತಿದ್ದರು. ಚೋಳರ ಲಾಂಛನ ಹುಲಿ. ಆದುದರಿಂದ ಈ ಗೆಲವೇ ಕಥೆಯಾಗಿ ಮೂಡಿತೆಂಬ ವಾದವಿದೆ. ಆ ಚರ್ಚೆ ಸಾಕಷ್ಟು ನಡೆದಿದೆ. ನನಗೆ ಮುಖ್ಯವೆನಿಸುವುದು ಇನ್ನೊಂದು ಪ್ರಶ್ನೆ: ಸಳನ ಕೈಯಲ್ಲಿ ಇದ್ದದ್ದೇನು?

ಬೇಲೂರಿನ ಚೆನ್ನಕೇಶವ ದೇವಾಲಯದ ಬಾಗಿಲಲ್ಲಿ ಕೇಳಿದರೆ ಕತ್ತಿ ಎಂದೇ ಉತ್ತರ ಬರುತ್ತದೆ. ಆದರೆ ಶಾಸನಗಳಲ್ಲಿ ಈ ಪ್ರಸಂಗದ ಪಾಠ ಒಂದೇ ಬಗೆಯಾಗಿಲ್ಲ. ಕೆಲವದರಲ್ಲಿ ಮುನಿಗಳು ಕೊಡುವುದು ತಮ್ಮ ಕುಂಚದ ಕೋಲನ್ನು. ದಿಗಂಬರ ಮುನಿಗಳು ನವಿಲುಗರಿಯ ಪಿಂಛಿಯನ್ನು ಹಿಡಿಯುವುದು ಏತಕ್ಕೆಂಬುದನ್ನು ಬಲ್ಲವರಿಗೆ ಈ ಪಾಠ ತುಸು ಇರುಸುಮುರುಸು ತರುತ್ತದೆ. ಕೂಡುವ ನೆಲದ ಇರುವೆಗೂ ನೋವಾಗದಂತೆ ಸರಿಸುವ ಸಾಧನದ ಹಿಡಿಯೇ ಇಲ್ಲಿ ಆಯುಧ. ಗೃಹಸ್ಥನಿಗೆ ವಿರೋಧಿಹಿಂಸೆ, ಅಂದರೆ ಆತ್ಮರಕ್ಷಣೆಗಾಗಿ ಅನಿವಾರ್ಯವಾದ ಹಿಂಸೆ, ಸಂಕಲ್ಪಹಿಂಸೆಯಷ್ಟು ದೋಷದ್ದಲ್ಲವೆಂದು ಜೈನಾಚಾರ ಒಪ್ಪುತ್ತದೆ. ಸಳನ ಮಟ್ಟಿಗೆ ಈ ಸಮಾಧಾನ ಸಾಕು. ಮಹಾವ್ರತಿಯಾದ ಮುನಿ 'ಹೊಡೆ' ಎಂದು ಆಜ್ಞಾಪಿಸಿದ್ದಕ್ಕೆ ಇದು ಸಮಾಧಾನವಾಗಲಾರದು. ಕಥೆ ಕಟ್ಟಿದವರು ಮುನಿಧರ್ಮಕ್ಕಿಂತ ರಾಜವಂಶದ ಹೆಸರಿನ ನಿಷ್ಪತ್ತಿಯನ್ನೇ ಹೆಚ್ಚಾಗಿ ಯೋಚಿಸಿದ್ದಾರೆ. ಅಂಗಡಿಯ ಜೈನಸಂಬಂಧ ಮಾತ್ರ ಕಟ್ಟುಕಥೆಯಲ್ಲ: ಪೊಯ್ಸಳರ ಗುರು ಶಾಂತಿದೇವರ 1062ರ ಸ್ಮಾರಕ ಶಾಸನ ಅಲ್ಲಿಯದೇ.

ಭಾಷೆಯೂ ಕೋಲಿನ ಪರವಾಗಿಯೇ ಸಾಕ್ಷಿ ನುಡಿಯುತ್ತದೆ. ಹಳಗನ್ನಡದಲ್ಲಿ ಪೊಯ್ ಎಂದರೆ ಬಡಿ, ಹೊಡೆ. ಚುಚ್ಚುವುದಕ್ಕೆ ಇಱಿ, ತಿವಿ. ಕತ್ತರಿಸುವುದಕ್ಕೆ ಕಡಿ, ತಱಿ. ರನ್ನನಿಗೆ ಆಶ್ರಯವಿತ್ತ ಚಾಳುಕ್ಯ ಸತ್ಯಾಶ್ರಯನಿಗೆ ಇಱಿವಬೆಡಂಗನೆಂಬ ಬಿರುದಿತ್ತು. ಇಱಿಯುವುದರಲ್ಲಿಯೇ ಒಂದು ಬೆಡಗನ್ನು ಕಂಡ ಕಾಲ ಅದು. ಸುರಿಗೆಯನ್ನು ಕೊಟ್ಟು ಹೇಳುವ ಮಾತಾಗಿದ್ದರೆ 'ಇಱಿ ಸಳ' ಎಂಬುದೇ ಸಹಜ. ಖಡ್ಗದ ಹೊಡೆತಕ್ಕೂ ಪೊಯ್ ಬಳಕೆಯಾಗುವುದರಿಂದ ಇದನ್ನು ನಿರ್ಣಾಯಕವೆಂದು ಹೇಳಲಾರೆ; ಆದರೂ ಮೊನೆಯಿಂದ ತಿವಿಯುವ ಕಿರುಗತ್ತಿಗೆ ಆ ಧಾತು ಒಗ್ಗುವುದಿಲ್ಲ.

ಶಿಲ್ಪಿಗಾದರೋ ಕೋಲು ಸಾಲದು. ರಾಜಲಾಂಛನದಲ್ಲಿ ಕ್ಷತ್ರಿಯನಿಗೆ ತಕ್ಕ ಆಯುಧ ಬೇಕು. ಹೊಯ್ಸಳ ದೇವಾಲಯಗಳಲ್ಲಿ ಮಂಡಿ ಬಗ್ಗಿಸಿದ ಯುವಕ, ಹಿಂಗಾಲ ಮೇಲೆದ್ದು ಮೇಲೆರಗುವ ಮೃಗ (ಶಾಸನದ ಹುಲಿ ಕಲ್ಲಿನಲ್ಲಿ ಸಿಂಹದಂತಾಗಿರುವುದನ್ನು ಎಲ್ಲರೂ ಬಲ್ಲರು), ಅದರ ಮೈಗೆ ತೂರುವ ಅಲಗು ಕಾಣುತ್ತವೆ. ಇಲ್ಲಿಯೇ ಹಿಡಿತದ ವಿಚಾರ ಬರುವುದು. ಅಲಗು ಹೆಬ್ಬೆರಳಿನ ಕಡೆಗಿದ್ದರೆ ಕೈಯ ನೀಳದ ಜೊತೆಗೆ ಅಲಗಿನ ನೀಳವೂ ಕೂಡುತ್ತದೆ, ಮಣಿಕಟ್ಟು ಸಡಿಲವಾಗಿ ತಿರುಗುತ್ತದೆ. ದೂರದಿಂದ ತಿವಿಯಲು, ಕೆಳಗಿನಿಂದ ಮೇಲಕ್ಕೆ ನೂಕಲು ಇದೇ ಬೇಕು. ಹಾರಿಬರುವ ಮೃಗದ ಎದುರು ಕುಳಿತವನು ಹೀಗೆ ಹಿಡಿದರೆ ಮೃಗದ ಭಾರವೇ ಅಲಗನ್ನು ಒಳಕ್ಕೆ ಒತ್ತುತ್ತದೆ. ತನ್ನ ಬಲಕ್ಕಿಂತ ಹೆಚ್ಚಾಗಿ ನಿಲುವನ್ನು ಅವನು ನೆಚ್ಚಬಹುದು. ಅಲಗು ಕಿರುಬೆರಳಿನ ಕಡೆಗಿಳಿದಿದ್ದರೆ ನೀಳ ಕುಗ್ಗುತ್ತದೆ, ಆದರೆ ಮೇಲಿನಿಂದ ಗುದ್ದುವಾಗ ಭುಜದ ಬಲವೆಲ್ಲ ಮೊನೆಗೆ ಸೇರುತ್ತದೆ. ಮುಂಗೈಗೆ ಒರಗಿಸಿ ಅಲಗನ್ನು ಮರೆಸಲೂ ಬರುತ್ತದೆ. ಇದು ಮೈಗೆ ಮೈ ತಾಗಿದ ಮೇಲಿನ ಹಿಡಿತ: ಶತ್ರುವಿನ ಕುತ್ತಿಗೆಯನ್ನು ಒಂದು ಕೈಯಲ್ಲಿ ಅಮುಕಿದವನಿಗೆ, ಮೃಗದ ಬೆನ್ನಿಗೆ ಬಿದ್ದವನಿಗೆ ಒದಗುವುದು. ಕೆಳಗೆ ಕುಳಿತ ಸಳನಿಗೆ ಅದು ಸಾವಿನ ಹಿಡಿತವಾದೀತು. ತೋಳನ್ನು ಮೃಗದ ತಲೆಗಿಂತ ಮೇಲೆತ್ತುವಷ್ಟರಲ್ಲಿ ಎದೆ ತೆರೆದುಕೊಳ್ಳುತ್ತದೆ.

ಮೂರನೆಯ ಬಗೆಯೊಂದುಂಟು, ಅದು ಕಠಾರಿಯದು. ಇಲ್ಲಿ ಹಿಡಿ ಅಲಗಿಗೆ ಅಡ್ಡಲಾಗಿರುತ್ತದೆ. ಎರಡು ಪಕ್ಕದ ಸರಳುಗಳ ನಡುವೆ ಮುಷ್ಟಿ ಕೂರುತ್ತದೆ. ಮುಂಗೈ, ಮುಷ್ಟಿ, ಅಲಗು ಒಂದೇ ಗೆರೆಯಲ್ಲಿ ನಿಲ್ಲುವುದರಿಂದ ಗುದ್ದೇ ಇಱಿತವಾಗುತ್ತದೆ. ಮಣಿಕಟ್ಟಿನ ಚಳಕ ಇದರಲ್ಲಿ ನಷ್ಟ, ಬಲ ಲಾಭ. ವಿಜಯನಗರದ ಕಾಲಕ್ಕೆ ಇದು ಎಷ್ಟು ಗೌರವದ ಆಯುಧವಾಗಿತ್ತೆಂದರೆ ಸಾಳುವ ನರಸಿಂಹನ ಮನೆತನ 'ಕಠಾರಿ ಸಾಳುವ'ವೆಂದು ಬಿರುದು ಹೊತ್ತಿತು. ಪಕ್ಕದ ಕೊಡಗಿನಲ್ಲಿ ಬೇರೆ ಹಾದಿ: ಚೇಲೆಯ ಮುಂದೆ ಸಿಕ್ಕಿಸುವ ಪೀಚೆಕತ್ತಿ ತಿವಿಯಲು, ಬೆನ್ನ ಹಿಂದೆ ಹಿತ್ತಾಳೆಯ ತೊಡಂಗಿನಲ್ಲಿ ನಿಲ್ಲುವ ಅಗಲ ಬಾಗಿನ ಒಡಿಕತ್ತಿ ಕಡಿಯಲು. ಮದುವೆಯಲ್ಲಿ ಬಾಳೆಯ ದಿಂಡನ್ನು ಕಡಿಯುವಾಗ ಈ ಒಡಿಕತ್ತಿಯ ಹೊಡೆತ ಇಂದಿಗೂ ಕಾಣಸಿಗುತ್ತದೆ. ಪೊಯ್ ಎಂಬ ಧಾತು ನಿಜವಾಗಿ ಒಪ್ಪುವ ಕತ್ತಿಯೊಂದಿದ್ದರೆ ಅದು ಇದೇ.

ಇಷ್ಟಾದರೂ ನಮ್ಮಲ್ಲಿ ಈ ಹಿಡಿತಗಳಿಗೆ ಪ್ರತ್ಯೇಕವಾದ ಪಾರಿಭಾಷಿಕ ಪದಗಳು ಬಳಕೆಯಲ್ಲಿಲ್ಲ. ಕನ್ನಡದಲ್ಲಿ ಹಿಡಿ ಎಂದರೆ ಕತ್ತಿಯ ಕಾವೂ ಹೌದು, ಮುಷ್ಟಿಯೂ ಹೌದು, ಹಿಡಿಯುವ ಕ್ರಿಯೆಯೂ ಹೌದು. ಆಡುವವನಿಗೆ ಸಾಕಾದ ಈ ಪದ ವಿವರಿಸುವವನಿಗೆ ಸಾಲದು. ಕಲ್ಯಾಣದ ಮೂರನೆಯ ಸೋಮೇಶ್ವರನು ಮಾನಸೋಲ್ಲಾಸದಲ್ಲಿ ಶಸ್ತ್ರವಿನೋದವನ್ನೂ ಅಂಕವಿನೋದವನ್ನೂ ರಾಜನ ವಿನೋದಗಳ ಸಾಲಿಗೆ ಸೇರಿಸಿದ್ದಾನೆ. ಕೈಯ ವಿದ್ಯೆ ಸಭೆಯ ನೋಟವೂ ಆಗಿತ್ತೆಂಬುದಕ್ಕೆ ಅದು ಸಾಕ್ಷಿ. ಉಳಿದ ಸಾಕ್ಷಿಯನ್ನು ಕಲ್ಲಿನಲ್ಲೇ ಹುಡುಕಬೇಕು.

ಮಲೆನಾಡಿನ ಹುಲಿಬೇಟೆಯ ವೀರಗಲ್ಲುಗಳನ್ನು ಅಧ್ಯಯನ ಮಾಡುವ ವಿದ್ಯಾರ್ಥಿಗಳು ಲಿಪಿ, ಕಾಲ, ಊರುಗಳನ್ನು ಗುರುತಿಸಿಕೊಳ್ಳುವುದರ ಜೊತೆಗೆ ವೀರನ ಬಲಗೈಯ ಚಿತ್ರವನ್ನು ಹತ್ತಿರದಿಂದ ತೆಗೆದುಕೊಳ್ಳಬೇಕೆಂದು ನನ್ನ ಕೋರಿಕೆ. ಅಲಗು ಮುರಿದುಹೋಗಿದ್ದರೂ ಮುಷ್ಟಿ ಉಳಿದಿದ್ದರೆ ಸಾಕು. ಹೆಬ್ಬೆರಳು ಮುರಿದ ಅಲಗಿನ ಕಡೆಗಿದೆಯೋ, ಹಿಡಿಯ ತುದಿಯ ಕಡೆಗಿದೆಯೋ ಎಂಬುದರಿಂದ ಆ ವೀರ ಹುಲಿಯನ್ನು ಎದುರಿಗೆ ನಿಂತು ತಿವಿದನೋ, ಅದರ ಹಿಡಿತಕ್ಕೆ ಸಿಕ್ಕಮೇಲೆ ಇಱಿದನೋ ಎಂಬುದನ್ನು ಊಹಿಸಬಹುದು.