ಚೀನೀ ವಿದ್ಯಾರ್ಥಿಯ ಇಂಗ್ಲಿಷು, ಕನ್ನಡ ವಿದ್ಯಾರ್ಥಿಯ ಇಂಗ್ಲಿಷು: ಒಂದು ಐತಿಹಾಸಿಕ ವಿವೇಚನೆ

1898ರಲ್ಲಿ ಷಾಂಘೈ ನಗರದ ಕಮರ್ಷಿಯಲ್ ಪ್ರೆಸ್ ಎಂಬ ಮುದ್ರಣಾಲಯವು ಚೀನೀ ಬಾಲಕರಿಗಾಗಿ ಇಂಗ್ಲಿಷಿನ ಒಂದು ಮೊದಲ ಪುಸ್ತಕವನ್ನು ಹೊರತಂದಿತು. ಹಿಂದಿನ ವರ್ಷವಷ್ಟೇ ಸ್ಥಾಪಿತವಾಗಿದ್ದ ಆ ಸಂಸ್ಥೆಗೆ ಅದರಿಂದ ಹೆಸರೂ ಲಾಭವೂ ಒದಗಿದುವು. ಆದರೆ ಆ ಪುಸ್ತಕದ ಮೂಲವು ಚೀನಾದೇಶದ್ದಲ್ಲ. ಭಾರತದ ಮಕ್ಕಳಿಗೆಂದು ಬ್ರಿಟಿಷರು ಸಿದ್ಧಪಡಿಸಿದ್ದ ವಾಚಕವನ್ನೇ ತೆಗೆದುಕೊಂಡು, ಷಿಯೆ ಹುಂಗ್‌ಲಾಯ್ ಎಂಬವರು ಅದಕ್ಕೆ ಚೀನೀ ಅರ್ಥವಿವರಣೆಯನ್ನು ಕೂಡಿಸಿದ್ದರು. ಹೀಗೆ ಭಾರತದ ಬಾಲಕರಿಗಾಗಿ ಹುಟ್ಟಿದ ಇಂಗ್ಲಿಷು ಪಾಠಗಳನ್ನು ಚೀನೀ ಬಾಲಕರೂ ಓದಿದರು. ಸುಮಾರು ನೂರು ವರ್ಷಗಳ ತರುವಾಯ ನಮ್ಮ ಬೆಂಗಳೂರಿನಲ್ಲಿ ಪ್ರಯೋಗಿಸಲ್ಪಟ್ಟ ಒಂದು ಬೋಧನಕ್ರಮವೂ ಇದೇ ದಿಕ್ಕಿಗೆ ಪಯಣಿಸಿತು. ಬೆಂಗಳೂರಿನ ನೆರೆಯಲ್ಲಿಯೇ ಇರುವ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ವಿದ್ಯಾರ್ಥಿಗೆ ಇದರಿಂದ ದೊರೆತುದೆಷ್ಟು ಎಂಬುದನ್ನು ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ.

ಚೀನೀ ಮತ್ತು ಕನ್ನಡ ಭಾಷೆಗಳು ವ್ಯಾಕರಣದ ಚರಿತ್ರೆಯಲ್ಲಿ ಒಂದೆಡೆ ಕಲೆತದ್ದು ಇದಕ್ಕೂ ಹಿಂದೆಯೇ. ರಾಬರ್ಟ್ ಮಾರಿಸನ್ ರಚಿಸಿದ ಚೀನೀ ವ್ಯಾಕರಣವು 1815ರಲ್ಲಿ ಬಂಗಾಳದ ಶ್ರೀರಾಮಪುರದ ಮುದ್ರಣಾಲಯದಲ್ಲಿ ಅಚ್ಚಾಯಿತು. ಎರಡು ವರ್ಷಗಳ ಮೇಲೆ, 1817ರಲ್ಲಿ, ವಿಲಿಯಂ ಕೇರಿಯ ಕನ್ನಡ ವ್ಯಾಕರಣವೂ ಅಲ್ಲಿಂದಲೇ ಹೊರಬಂದಿತು. ಇವೆರಡೂ ಇಂಗ್ಲಿಷರಿಗಾಗಿ ಬರೆದ ಗ್ರಂಥಗಳೆಂಬುದನ್ನು ಮರೆಯತಕ್ಕದ್ದಲ್ಲ. ಎದುರು ದಿಕ್ಕಿನ ಕೆಲಸಕ್ಕೂ ಮಾರಿಸನ್ನನೇ ಕೈಹಾಕಿದನು. ಮಲಾಕದಲ್ಲಿ 1818ರಲ್ಲಿ ಸ್ಥಾಪಿತವಾದ ಆಂಗ್ಲೋ-ಚೈನೀಸ್ ಕಾಲೇಜಿನ ವಿದ್ಯಾರ್ಥಿಗಳಿಗಾಗಿ ಅವನು 1823ರಲ್ಲಿ ಒಂದು ಇಂಗ್ಲಿಷು ವ್ಯಾಕರಣವನ್ನು ಪ್ರಕಟಿಸಿದನು. 1904ರಲ್ಲಿ ಯೆನ್ ಫೂ ಎಂಬ ಪ್ರಸಿದ್ಧ ಪಂಡಿತನು ಇಂಗ್ಲಿಷು ವ್ಯಾಕರಣವನ್ನು ಚೀನೀ ಭಾಷೆಯಲ್ಲಿಯೇ ವಿವರಿಸಿ ಬರೆದನು.

ಮೈಸೂರು ಸೀಮೆಯಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು 1833ರಲ್ಲಿ ಇಂಗ್ಲಿಷು ಶಾಲೆಯನ್ನು ತೆರೆದರು. 1857ರಲ್ಲಿ ವಿದ್ಯಾ ಇಲಾಖೆ ಏರ್ಪಟ್ಟಿತು. 1868ರಲ್ಲಿ ಬಿ. ಎಲ್. ರೈಸರ ಹೋಬಳಿ ಶಾಲೆಗಳ ಯೋಜನೆ ಜಾರಿಗೆ ಬಂದು, ಆಗ ಕ್ಲೋಸ್‌ಪೇಟೆ, ಕಾನಕಾನಹಳ್ಳಿ ಎಂಬ ಹೆಸರುಗಳಿದ್ದ ರಾಮನಗರ, ಕನಕಪುರಗಳಂತಹ ತಾಲ್ಲೂಕುಗಳ ಹಳ್ಳಿಗಳಿಗೂ ಸರ್ಕಾರಿ ಶಿಕ್ಷಣವು ಮುಟ್ಟುವ ದಾರಿಯಾಯಿತು. ಅದು ಕನ್ನಡದ ಶಿಕ್ಷಣ. ಇಂಗ್ಲಿಷು ಮೇಲಿನ ತರಗತಿಗಳ ಮಾತಾಗಿದ್ದಿತು. ಸರ್ಕಾರಿ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷನ್ನು ಒಂದು ವಿಷಯವಾಗಿ ಕಲಿಸತೊಡಗಿದ್ದು 2007ರಲ್ಲಿ. ಈ ತಾಲ್ಲೂಕುಗಳು ಬೆಂಗಳೂರು ಗ್ರಾಮಾಂತರದಿಂದ ಬೇರೆಯಾಗಿ ರಾಮನಗರ ಜಿಲ್ಲೆಯಾದದ್ದೂ ಅದೇ ವರ್ಷ. 2025ರಲ್ಲಿ ಆ ಜಿಲ್ಲೆಗೆ ಬೆಂಗಳೂರು ದಕ್ಷಿಣವೆಂದು ಹೆಸರಾಯಿತು.

ಇನ್ನು ಭಾಷೆಯ ವಿಚಾರಕ್ಕೆ ಬರೋಣ. ಕನ್ನಡ, ಚೀನೀ ಭಾಷೆಗಳಿಗೆ ಕುಲಸಂಬಂಧವಿಲ್ಲ. ಚೀನೀ ಕ್ರಿಯಾಪದಕ್ಕೆ ಕಾಲ, ಪುರುಷ, ವಚನಗಳ ಪ್ರತ್ಯಯಗಳಿಲ್ಲ. ಕನ್ನಡದ ‘ಹೋದಳು’ ಎಂಬ ಒಂದು ಪದದಲ್ಲಿ ಇವೆಲ್ಲವೂ ಅಡಗಿ ಲಿಂಗವೂ ತೋರುತ್ತದೆ. ಆದಕಾರಣ ಇಂಗ್ಲಿಷಿನ ಭೂತಕಾಲ ರೂಪವನ್ನು ಬಿಟ್ಟುಬಿಡುವ ತಪ್ಪು ಚೀನೀ ವಿದ್ಯಾರ್ಥಿಯಲ್ಲಿ ಹೆಚ್ಚು. ಎರಡು ಭಾಷೆಗಳಲ್ಲಿಯೂ ಇಂಗ್ಲಿಷಿನ ‘ಎ’, ‘ದಿ’ಗಳಂತಹ ಉಪಪದಗಳಿಲ್ಲವಾದುದರಿಂದ ಆ ತೊಡಕು ಇಬ್ಬರಿಗೂ ಸಮಾನ. ‘ನೀನು ಹೋಗಲಿಲ್ಲವೆ?’ ಎಂದರೆ ನಮ್ಮವನು ‘ಹೌದು, ಹೋಗಲಿಲ್ಲ’ ಎನ್ನುತ್ತಾನೆ, ಚೀನೀಯನೂ ಹಾಗೆಯೇ. ಇಂಗ್ಲಿಷರು ಇಲ್ಲಿ ‘ನೋ’ ಎನ್ನಬೇಕೆಂಬುದು ಇಬ್ಬರಿಗೂ ವಿಚಿತ್ರವಾಗಿಯೇ ಕಾಣುತ್ತದೆ.

ಇವುಗಳಿಗಿಂತ ಗಹನವಾದ ಸಾಮ್ಯವು ವಿಶೇಷಣ ವಾಕ್ಯದಲ್ಲಿದೆ. ‘ಹುಡುಗನಿಗೆ ಬೊಂಬೆಯನ್ನು ಮಾರಿದ ಮನುಷ್ಯನು ಮಾಗಡಿಗೆ ಹೊರಟನು’ ಎಂಬ ವಾಕ್ಯವನ್ನು ನೋಡಬಹುದು. ವಿವರಣೆಯೆಲ್ಲ ಮುಂಚೆ ಬಂದು, ಹೊರಟ ಮನುಷ್ಯನು ‘ಹೊರಟನು’ ಎಂಬ ಕ್ರಿಯೆಯ ಹತ್ತಿರದಲ್ಲಿಯೇ ನಿಲ್ಲುತ್ತಾನೆ. ಚೀನೀ ಭಾಷೆಯಲ್ಲಿಯೂ ವಿವರಣೆಯು ನಾಮಪದಕ್ಕೆ ಮುಂಚಿತವಾಗಿಯೇ ಬರುತ್ತದೆ. ಇಂಗ್ಲಿಷಿನಲ್ಲಾದರೋ ‘ದಿ ಮ್ಯಾನ್ ಹೂ ಸೋಲ್ಡ್ ದಿ ಟಾಯ್ ಟು ದಿ ಬಾಯ್ ಲೆಫ್ಟ್ ಫಾರ್ ಮಾಗಡಿ’ ಎಂದಾಗುವುದು. ಕರ್ತೃವಿಗೂ ಕ್ರಿಯೆಗೂ ನಡುವೆ ಏಳು ಪದಗಳ ಅಂತರ. ಕ್ರಿಯೆಯ ಪಕ್ಕದಲ್ಲಿರುವುದು ‘ಬಾಯ್’. ಮಾಗಡಿಗೆ ಹೊರಟವರಾರೆಂದು ಕೇಳಿದರೆ ‘ಹುಡುಗ’ ಎಂಬ ಉತ್ತರ ಬಂದಲ್ಲಿ ಆಶ್ಚರ್ಯಪಡಬೇಕಾದುದಿಲ್ಲ. ತನ್ನ ಭಾಷೆಯ ನ್ಯಾಯಕ್ಕನುಸಾರವಾಗಿಯೇ ಬಾಲಕನು ಓದಿರುತ್ತಾನೆ. ಇದೇ ಬಾಲಕನು ವ್ಯಾಕರಣದ ಪ್ರಶ್ನೆಯಲ್ಲಿ, ಮನುಷ್ಯರಿಗೆ ‘ಹೂ’, ವಸ್ತುಗಳಿಗೆ ‘ವಿಚ್’ ಎಂಬ ಸೂತ್ರವನ್ನು ನೆನೆದು ಬಿಟ್ಟ ಸ್ಥಳವನ್ನು ತಪ್ಪಿಲ್ಲದೆ ತುಂಬಬಲ್ಲನು. ಸೂತ್ರ ಬಂದಿತು, ಅರ್ಥ ಬರಲಿಲ್ಲ. ಪರೀಕ್ಷೆಯಲ್ಲಿ ವ್ಯಾಕರಣಕ್ಕೊಂದು ಭಾಗ, ಗದ್ಯಗ್ರಹಣಕ್ಕೊಂದು ಭಾಗವೆಂದು ಪ್ರತ್ಯೇಕಿಸಿದ ಪದ್ಧತಿಯಲ್ಲಿ ಈ ಕೊರತೆಯು ಕಣ್ಣಿಗೆ ಬೀಳದೆ ಉಳಿಯುತ್ತದೆ. ಪ್ರಶ್ನೆಯ ಪದವೊಂದನ್ನು ಗದ್ಯಭಾಗದಲ್ಲಿ ಹುಡುಕಿ, ಅದಿರುವ ಸಾಲನ್ನು ಹಾಗೆಯೇ ನಕಲು ಮಾಡಿ ಅಂಕ ಪಡೆಯುವ ಜಾಣ್ಮೆಯನ್ನು ಅಧ್ಯಾಪಕರೆಲ್ಲರೂ ಬಲ್ಲರು. ಗೈಡುಗಳು ಅದನ್ನು ಇನ್ನಷ್ಟು ಸುಲಭಗೊಳಿಸಿವೆ.

ರಾಮನಗರ, ಚನ್ನಪಟ್ಟಣಗಳಲ್ಲಿ ಉರ್ದು ಮನೆಮಾತಿನ ಮಕ್ಕಳೂ ಬಹುಮಂದಿ ಇದ್ದಾರೆ. ಉರ್ದುವಿನಲ್ಲಿ ‘ಜೋ’ ಎಂಬ ಸಂಬಂಧಾರ್ಥಕ ಸರ್ವನಾಮವುಂಟು. ಒಂದೇ ಬೆಂಚಿನಲ್ಲಿ ಕುಳಿತ ಇಬ್ಬರ ತೊಡಕು ಒಂದೇ ಆಗಿರಬೇಕೆಂಬ ನಿಯಮವಿಲ್ಲ.

ಸ್ವಾತಂತ್ರ್ಯಾನಂತರದ ಸುಧಾರಣೆಯು ವಾಕ್ಯರಚನೆಗಳನ್ನು ಸುಲಭದಿಂದ ಕಠಿಣಕ್ಕೆ ಜೋಡಿಸಿ ಬಾಯಿಪಾಠ ಮಾಡಿಸುವ ಕ್ರಮದ್ದಾಗಿತ್ತು. ಹೈದರಾಬಾದಿನ ಕೇಂದ್ರ ಇಂಗ್ಲಿಷು ಸಂಸ್ಥೆ 1958ರಲ್ಲಿಯೂ, ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷು ಸಂಸ್ಥೆ 1963ರಲ್ಲಿಯೂ ಆರಂಭವಾದುವು. ಈ ಕ್ರಮದ ಫಲದಲ್ಲಿ ಅತೃಪ್ತರಾದವರಲ್ಲಿ ಮದರಾಸಿನ ಬ್ರಿಟಿಷ್ ಕೌನ್ಸಿಲಿನಲ್ಲಿದ್ದ ಎನ್. ಎಸ್. ಪ್ರಭು ಅವರು ಮುಖ್ಯರು. 1979ರಿಂದ 1984ರವರೆಗೆ ಬೆಂಗಳೂರು, ಮದರಾಸು ಮೊದಲಾದ ಊರುಗಳ ಕೆಲವು ಶಾಲೆಗಳಲ್ಲಿ ಅವರು ನಡೆಸಿದ ಪ್ರಯೋಗವು ‘ಬೆಂಗಳೂರು ಯೋಜನೆ’ ಎಂದು ಲೋಕಪ್ರಸಿದ್ಧವಾಗಿದೆ. ಅರ್ಥದ ಮೇಲೆ ಮನಸ್ಸು ನೆಟ್ಟಿರುವಾಗಲೇ ವ್ಯಾಕರಣವು ತಾನಾಗಿ ಮೂಡುತ್ತದೆಂಬುದು ಅವರ ಸಿದ್ಧಾಂತ. ಅದರಂತೆ ಸೂತ್ರಗಳನ್ನು ಬದಿಗಿಟ್ಟು, ವೇಳಾಪಟ್ಟಿ, ನಕ್ಷೆ, ದಿನದರ್ಶಿಕೆಗಳನ್ನು ಮುಂದಿಟ್ಟು, ಯೋಚಿಸಿ ಬಿಡಿಸಬೇಕಾದ ಲೆಕ್ಕಗಳಂತಹ ಕಾರ್ಯಗಳನ್ನು ಮಕ್ಕಳಿಗೆ ಒಡ್ಡಲಾಯಿತು. ಮೊದಲು ಅಧ್ಯಾಪಕರು ತರಗತಿಯೊಡನೆ ಒಂದನ್ನು ಬಿಡಿಸುವರು; ಅಂತಹದೇ ಇನ್ನೊಂದನ್ನು ಪ್ರತಿಯೊಬ್ಬನೂ ತಾನೇ ಬಿಡಿಸಬೇಕು. 1987ರಲ್ಲಿ ಪ್ರಭು ಅವರು ತಮ್ಮ ಗ್ರಂಥದಲ್ಲಿ ಇದನ್ನು ಸವಿಸ್ತಾರವಾಗಿ ನಿರೂಪಿಸಿದರು. ಕಾರ್ಯಾಧಾರಿತ ಬೋಧನೆಯ ಇತಿಹಾಸವನ್ನು ಬರೆಯುವವರು ಬೆಂಗಳೂರನ್ನು ಹೆಸರಿಸದೆ ಮುಂದುವರಿಯುವುದಿಲ್ಲ. ಚೀನಾದೇಶದ ಶಿಕ್ಷಣ ಸಚಿವಾಲಯವು 2001ರಲ್ಲಿ ಹೊರಡಿಸಿದ ಇಂಗ್ಲಿಷು ಪಠ್ಯಕ್ರಮವು ಕಾರ್ಯಾಧಾರಿತ ಬೋಧನೆಯನ್ನು ಅನುಮೋದಿಸಿತು. ಮಧ್ಯೆ ಅನೇಕ ಬ್ರಿಟಿಷ್ ವಿದ್ವಾಂಸರ ಕೈವಾಡವಿದ್ದರೂ ಆ ವಿಚಾರದ ಮೊದಲ ಪ್ರಯೋಗಗಳಲ್ಲೊಂದು ನಡೆದದ್ದು ಕನ್ನಡನಾಡಿನಲ್ಲಿ.

ಬೆರೆಟ್ಟಾ ಮತ್ತು ಡೇವಿಸ್ ಎಂಬ ವಿದ್ವಾಂಸರು 1985ರಲ್ಲಿ ಪ್ರಕಟಿಸಿದ ಮೌಲ್ಯಮಾಪನವನ್ನು ಪ್ರಶಂಸಕರು ಸಾಮಾನ್ಯವಾಗಿ ಅರ್ಧ ಮಾತ್ರ ಉದ್ಧರಿಸುತ್ತಾರೆ. ರಚನೆಗಳ ಪರೀಕ್ಷೆಯಲ್ಲಿ ಹಳೆಯ ಕ್ರಮದ ಮಕ್ಕಳು ಮೇಲಾದರು. ಸಂದರ್ಭದಲ್ಲಿ ವ್ಯಾಕರಣವನ್ನು ಬಳಸುವುದರಲ್ಲಿಯೂ ಉಕ್ತಲೇಖನದಲ್ಲಿಯೂ ಪ್ರಯೋಗದ ಮಕ್ಕಳು ಮೇಲಾದರು. ಕೇಳಿ ಅಥವಾ ಓದಿ ಅರ್ಥಮಾಡಿಕೊಳ್ಳುವ ಪರೀಕ್ಷೆಯಲ್ಲಿ ಮಾತ್ರ ಅವರಿಗೆ ಅಂತಹ ಮೇಲ್ಮೆ ಕಾಣಲಿಲ್ಲ. ಅರ್ಥವನ್ನೇ ಗುರಿಯಾಗಿಟ್ಟುಕೊಂಡ ಕ್ರಮವು ಗದ್ಯಗ್ರಹಣದಲ್ಲಿ ಗೆಲ್ಲಲಿಲ್ಲವೆಂಬುದು ಯೋಚಿಸತಕ್ಕ ಸಂಗತಿ. 1990ರಲ್ಲಿ ಬೆರೆಟ್ಟಾ ಬರೆದ ಇನ್ನೊಂದು ಪ್ರಬಂಧದಿಂದ, ಶಾಲೆಯ ಸಾಮಾನ್ಯ ಅಧ್ಯಾಪಕರಿಗೆ ಈ ಕ್ರಮವು ಸುಲಭವಾಗಿ ಕೈವಶವಾಗಲಿಲ್ಲವೆಂದೂ ತಿಳಿಯುತ್ತದೆ. ಯೋಜನೆ ಮುಗಿದ ಮೇಲೆ ಅದು ರಾಜ್ಯದ ಸಾಮಾನ್ಯ ಪದ್ಧತಿಯಾಗಿ ನೆಲೆಗೊಳ್ಳಲಿಲ್ಲ.

ನನಗೆ ತೋರುವಂತೆ, ಹಳೆಯ ಭಾಷಾಂತರದ ಉಪಾಧ್ಯಾಯರಲ್ಲಿದ್ದ ಒಂದು ಸಾಧನವನ್ನು ಹೊಸ ಕ್ರಮಗಳೆರಡೂ ಅನಾದರಿಸಿದುವು. ‘ಯಾವ ಮನುಷ್ಯನು ಹುಡುಗನಿಗೆ ಬೊಂಬೆಯನ್ನು ಮಾರಿದನೋ ಆ ಮನುಷ್ಯನು ಮಾಗಡಿಗೆ ಹೊರಟನು’ ಎಂದು ಅವರು ಹೇಳಿಸುತ್ತಿದ್ದರು. ಮಾತಿನ ಕನ್ನಡದಲ್ಲಿ ಹೀಗೆ ಯಾರೂ ಆಡುವುದಿಲ್ಲ. ನಾವೆಲ್ಲರೂ ಇದನ್ನು ಕೇಳಿ ನಕ್ಕವರೇ. ಆದರೆ ಹೊರಟವನಾರೆಂಬ ಬಗೆಗೆ ಆ ವಾಕ್ಯವು ಸಂಶಯವುಳಿಸುವುದಿಲ್ಲ. ಕನ್ನಡವಾಕ್ಯವನ್ನೂ ಇಂಗ್ಲಿಷುವಾಕ್ಯವನ್ನೂ ಕಪ್ಪುಹಲಗೆಯ ಮೇಲೆ ಒಂದರ ಕೆಳಗೊಂದು ಬರೆದು, ಕರ್ತೃವಿನಿಂದ ಕ್ರಿಯೆಗೆ ಗೆರೆ ಎಳೆಯಿಸುವುದಕ್ಕೆ ಐದು ನಿಮಿಷ ಸಾಕು. ಪ್ರಭು ಅವರ ಕಾರ್ಯಗಳನ್ನು ಇದರೊಡನೆ ಸೇರಿಸುವುದಕ್ಕೆ ಅಡ್ಡಿಯಿಲ್ಲ. ಬೆಂಗಳೂರು–ಮೈಸೂರು ರೈಲಿನ ವೇಳಾಪಟ್ಟಿಯು ರಾಮನಗರ, ಚನ್ನಪಟ್ಟಣಗಳ ಮಕ್ಕಳಿಗೆ ಪರಿಚಿತವಾದದ್ದು. ಕನಕಪುರಕ್ಕೂ ಮಾಗಡಿಗೂ ರೈಲಿಲ್ಲ. ಅಲ್ಲಿಯ ಅಧ್ಯಾಪಕರು ಬಸ್ಸಿನ ವೇಳೆಗಳನ್ನು ಬರೆದುಕೊಂಡು ಬರಬೇಕಾಗುವುದು.