ಚಿತ್ರವೂ ಲೇಖವೂ: ಚರಿತ್ರೆಯ ಆಧಾರವಾಗಿ ಚಿತ್ರದ ಮೇಲಣ ಬರಹ

ಚಿತ್ರವು ತೋರಿಸುತ್ತದೆ; ಆದರೆ ತಾನು ತೋರಿಸುತ್ತಿರುವುದು ಯಾರನ್ನು, ಯಾವ ಸಂದರ್ಭವನ್ನು ಎಂಬುದನ್ನು ತಾನಾಗಿ ಹೇಳಲಾರದು. ಈ ಕೊರತೆಯನ್ನು ತುಂಬಲೆಂದೇ ಮನುಷ್ಯನು ಬಹು ಹಿಂದಿನಿಂದಲೂ ಚಿತ್ರದ ಮೇಲೋ ಬದಿಯಲ್ಲೋ ಅಕ್ಷರಗಳನ್ನು ಬರೆಯುತ್ತ ಬಂದಿದ್ದಾನೆ. ಇಂದು ಗಣಕಯಂತ್ರದ ಸಹಾಯದಿಂದ ಕ್ಷಣಮಾತ್ರದಲ್ಲಿ ಮುಗಿಯುವ ಈ ಕಾರ್ಯವು ಚರಿತ್ರಕಾರನ ಮುಂದಿಡುವ ಪ್ರಶ್ನೆ ಮಾತ್ರ ಹಳೆಯದೇ: ಚಿತ್ರವೂ ಲೇಖವೂ ಒಂದೇ ಕಾಲದವೇ? ಒಂದೇ ಕೈಯವೇ?

ಲೇಖದ ಶಕ್ತಿ ಎಷ್ಟೆಂಬುದನ್ನು ಸಾಂಚಿ ಮತ್ತು ಭಾರ್ಹುತ್‌ಗಳ ಬೌದ್ಧ ಶಿಲ್ಪಗಳಿಂದ ಅರಿಯಬಹುದು. ಸಾಂಚಿಯ ನೂರಾರು ಶಾಸನಗಳು ಬಹುಮಟ್ಟಿಗೆ ದಾನಿಗಳ ಹೆಸರುಗಳನ್ನು ತಿಳಿಸುತ್ತವೆಯೇ ಹೊರತು ಶಿಲ್ಪದ ವಿಷಯವನ್ನು ವಿವರಿಸುವುದಿಲ್ಲ. ಆದುದರಿಂದಲೇ 1868ರಲ್ಲಿ ಸಾಂಚಿ, ಅಮರಾವತಿಗಳನ್ನು ಕುರಿತು ಗ್ರಂಥ ರಚಿಸಿದ ಜೇಮ್ಸ್ ಫರ್ಗುಸನ್ನನು ಅಲ್ಲಿಯ ಶಿಲ್ಪಗಳಲ್ಲಿ ವೃಕ್ಷಪೂಜೆ, ಸರ್ಪಪೂಜೆಗಳನ್ನು ಕಂಡನು. 1873ರಲ್ಲಿ ಅಲೆಗ್ಸಾಂಡರ್ ಕನ್ನಿಂಗ್‌ಹ್ಯಾಮನಿಗೆ ಭಾರ್ಹುತ್ ಸ್ತೂಪದ ಅವಶೇಷಗಳು ದೊರೆತವು. ಅಲ್ಲಿಯೂ ಮರವನ್ನು ಪೂಜಿಸುವ ದೃಶ್ಯಗಳಿವೆ. ಆದರೆ ಅಂಥ ಒಂದರ ಮೇಲೆ ಬ್ರಾಹ್ಮೀ ಲಿಪಿಯಲ್ಲಿ ‘ಭಗವತೋ ಸಕಮುನಿನೋ ಬೋಧೋ’, ಎಂದರೆ ಭಗವಾನ್ ಶಾಕ್ಯಮುನಿಯ ಬೋಧಿ ಎಂದು ಕೆತ್ತಿದೆ. ಅಲ್ಲಿ ಪೂಜೆಗೊಳ್ಳುತ್ತಿರುವುದು ಬರಿಯ ಮರವಲ್ಲ. ಬುದ್ಧನ ಜ್ಞಾನೋದಯದ ಸಂಕೇತ. ಈ ತೀರ್ಮಾನಕ್ಕೆ ಮೂರು ಪದಗಳು ಸಾಕಾದವು.

ಆದರೆ ಲೇಖವನ್ನು ಎಷ್ಟರ ಮಟ್ಟಿಗೆ ನಂಬಬೇಕೆಂಬುದು ಬೇರೆಯ ವಿಚಾರ. ಕಲಬುರಗಿ ಜಿಲ್ಲೆಯ ಸನ್ನತಿಯ ಸಮೀಪದ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ಭಾರತೀಯ ಪುರಾತತ್ತ್ವ ಸರ್ವೇಕ್ಷಣವು ಉತ್ಖನನ ಕೈಗೊಂಡಾಗ ರಾಜ, ರಾಣಿ ಮತ್ತು ಪರಿಚಾರಿಕೆಯರ ಒಂದು ಶಿಲ್ಪಫಲಕ ದೊರೆಯಿತು. ಅದರ ಮೇಲಿನ ಬ್ರಾಹ್ಮೀ ಲೇಖ ಆ ರಾಜನನ್ನು ಅಶೋಕನೆಂದು ಹೆಸರಿಸುತ್ತದೆ. ಅಶೋಕನು ಕ್ರಿ.ಪೂ. 3ನೆಯ ಶತಮಾನದವನು, ಫಲಕವಾದರೋ ಸಾತವಾಹನರ ಕಾಲದ್ದು. ಆದುದರಿಂದ ಈ ಬರಹವು ಅಶೋಕನ ಮುಖಚರ್ಯೆಗೆ ಸಾಕ್ಷಿಯಲ್ಲ. ಭೀಮಾತೀರದ ಬೌದ್ಧರು ಶತಮಾನಗಳ ಅನಂತರವೂ ಅವನನ್ನು ಸ್ಮರಿಸುತ್ತಿದ್ದರೆಂಬುದಕ್ಕೆ ಸಾಕ್ಷಿ. ಈ ವಿವೇಚನೆಗೆ ಅಕ್ಷರಗಳ ರೂಪವೇ ನೆರವಾಗುತ್ತದೆ. ಕಲ್ಲಿನಲ್ಲಿ ಲಿಪಿಯು ತನ್ನ ಕಾಲವನ್ನು ಮರೆಮಾಡಲಾರದು.

ಛಾಯಾಚಿತ್ರದ ಯುಗದಲ್ಲಿಯೂ ಇಂಥ ಕುರುಹುಗಳು ಉಳಿದವು. 19ನೆಯ ಶತಮಾನದ ಛಾಯಾಗ್ರಾಹಕರು ಗಾಜಿನ ನೆಗೆಟಿವ್‌ನ ಮೇಲೆಯೇ ಹೆಸರು, ಸಂಖ್ಯೆಗಳನ್ನು ಬರೆಯುತ್ತಿದ್ದರು. ಶಾಯಿಯಿಂದ ಬರೆದದ್ದು ಬೆಳಕನ್ನು ತಡೆದು ಪ್ರತಿಯಲ್ಲಿ ಬೆಳ್ಳಗೆ ಮೂಡುತ್ತಿತ್ತು. ಕೆರೆದು ಬರೆದದ್ದು ಕಪ್ಪಾಗಿ ಮೂಡುತ್ತಿತ್ತು. ಬರೆದವನ ಕೈಬರಹವೂ ಅದರೊಡನೆ ಉಳಿಯುತ್ತಿತ್ತು.

ಥಾಮಸ್ ಮತ್ತು ಜಾನ್ ನಾಲ್ ಸಹೋದರರು ರೂಪಿಸಿದ ಫೋಟೋಶಾಪ್ ತಂತ್ರಾಂಶವು 1990ರಲ್ಲಿ ಹೊರಬಂದಿತು. 1994ರ ಆವೃತ್ತಿಯಲ್ಲಿ ಪದರಗಳ ಸೌಲಭ್ಯವೂ, 1998ರ ಆವೃತ್ತಿಯಲ್ಲಿ ಒಮ್ಮೆ ಬರೆದ ಅಕ್ಷರಗಳನ್ನು ಮತ್ತೆ ತಿದ್ದುವ ಸೌಲಭ್ಯವೂ ಸೇರಿದವು. ಬರಹವು ಚಿತ್ರದ ಮೇಲೆ ಪಾರದರ್ಶಕ ಹಾಳೆಯಂತೆ ಪ್ರತ್ಯೇಕ ಪದರವಾಗಿ ಇರುವವರೆಗೆ ಎರಡನ್ನೂ ಬೇರ್ಪಡಿಸಬಹುದು. ಪದರಗಳನ್ನು ಒಂದುಗೂಡಿಸಿ ಜೆಪೆಗ್ ಕಡತವಾಗಿ ಉಳಿಸಿದೊಡನೆ ಅಕ್ಷರಗಳು ಚಿತ್ರದ ಬಿಂದುಗಳೇ ಆಗಿಬಿಡುತ್ತವೆ. ಅವುಗಳ ಅಡಿಯಲ್ಲಿದ್ದ ಚಿತ್ರಭಾಗವು ಆ ಕಡತದಿಂದ ಅಳಿಯುತ್ತದೆ. ಇಲ್ಲಿ ಕೈಬರಹವಿಲ್ಲ, ಕಡತವು ಕೈಯಿಂದ ಕೈಗೆ ಸಾಗಿದಂತೆ ಬರೆದವರಾರೆಂಬುದೂ ಮರೆಯಾಗುತ್ತದೆ. ಬಳಸಿದ ಅಚ್ಚಕ್ಷರದ ವಿನ್ಯಾಸವು ಯಾವಾಗ ಸೃಷ್ಟಿಯಾಯಿತೆಂಬುದೊಂದೇ ಕೆಲವೊಮ್ಮೆ ಲಿಪಿಶಾಸ್ತ್ರದಂತೆ ನೆರವಿಗೆ ಬಂದೀತು: ಬರಹವು ಆ ವಿನ್ಯಾಸಕ್ಕಿಂತ ಹಿಂದಿನದಾಗಿರಲಾರದು.

ಊರು, ಮನೆತನ, ಸಂಸ್ಥೆಗಳ ಹಳೆಯ ಚಿತ್ರಗಳನ್ನು ಸಂಗ್ರಹಿಸುವ ವಿದ್ಯಾರ್ಥಿಗಳು ಇದನ್ನು ಮನಸ್ಸಿನಲ್ಲಿಡುವುದು ಅವಶ್ಯ. ಮೂಲಚಿತ್ರವನ್ನು ಮುಟ್ಟದೆ ಪ್ರತಿಯೊಂದರಲ್ಲಿ ಮಾತ್ರ ಬರಹವನ್ನು ಸೇರಿಸಬೇಕು. ಅದನ್ನು ಮುಖಗಳ ಮೇಲಲ್ಲದೆ ಅಂಚಿನಲ್ಲಿರಿಸಬೇಕು. ಹೆಸರುಗಳನ್ನು ಯಾರು, ಯಾವಾಗ, ಯಾರ ಹೇಳಿಕೆಯ ಮೇಲೆ ಗುರುತಿಸಿದರೆಂಬುದನ್ನು ದಾಖಲಿಸಬೇಕು. ಪದರಗಳುಳ್ಳ ಕಡತವನ್ನೂ ಕಾಪಾಡಬೇಕು. ಅನ್ಯರ ಚಿತ್ರಗಳನ್ನು ಬಳಸುವಾಗ ಚಿತ್ರವನ್ನು ಒಬ್ಬ ಸಾಕ್ಷಿಯೆಂದೂ ಅದರ ಮೇಲಣ ಬರಹವನ್ನು ಇನ್ನೊಬ್ಬ ಸಾಕ್ಷಿಯೆಂದೂ ಎಣಿಸಿ ಬೇರೆಬೇರೆಯಾಗಿಯೇ ಪರೀಕ್ಷಿಸಬೇಕು. ಭಾರ್ಹುತ್‌ನ ಶಿಲ್ಪಿ ಕಲ್ಲಿನಲ್ಲಿ ಉಳಿಸಿಹೋದ ಕುರುಹನ್ನು ನಾವು ನಮ್ಮ ಕಡತಗಳಲ್ಲಿ ಪ್ರಯತ್ನಪೂರ್ವಕವಾಗಿ ಉಳಿಸಬೇಕಾಗಿದೆ. ಇಲ್ಲವಾದರೆ ನಮ್ಮ ಕಾಲದ ಚಿತ್ರಗಳಲ್ಲಿ ಕಂಡದ್ದೆಷ್ಟು, ಆಮೇಲೆ ಹೇಳಿದ್ದೆಷ್ಟು ಎಂಬುದನ್ನು ಮುಂದಿನ ಸಂಶೋಧಕರು ಬೇರ್ಪಡಿಸಲಾರರು.