ಬೀಳೆಂದು ಬರೆದ ನೆಲ: ತುಮಕೂರು ಸೀಮೆಯ ಒಂದು ಚರಿತ್ರೆ

ಶತಮಾನೋತ್ಸವದ ಸ್ಮರಣ ಸಂಚಿಕೆಯಲ್ಲಿ ದೇವಾಲಯದ ಕಟ್ಟಡದ ಚರಿತ್ರೆ, ಸೇವೆ ಸಲ್ಲಿಸಿದ ಗುರುಗಳ ನಾಮಾವಳಿ, ದಾನಿಗಳ ಸ್ಮರಣೆ ಇರುವುದು ವಾಡಿಕೆ. ಅದು ಯುಕ್ತವೂ ಹೌದು. ಆದರೆ ಯಾವ ದೇವಾಲಯವೂ ಎದ್ದು ನಿಲ್ಲುವುದಕ್ಕೆ ಮೊದಲು ಅದರ ಅಡಿಯಲ್ಲಿ ನೆಲವಿತ್ತು. ಸುತ್ತಲೂ ಹೊಲ, ಕೆರೆ, ಹುಲ್ಲುಗಾವಲು, ಕುರುಚಲು ಕಾಡುಗಳಿದ್ದವು. ಆ ನೆಲವನ್ನು ಹಿಂದಿನವರು ಹೇಗೆ ಕಂಡರು, ಯಾವ ಹೆಸರಿನಿಂದ ಕರೆದರು, ಆ ಹೆಸರಿನಿಂದ ಅದಕ್ಕೆ ಯಾವ ಗತಿ ಒದಗಿತು ಎಂಬುದನ್ನು ತುಮಕೂರು, ಗುಬ್ಬಿ, ಕುಣಿಗಲು ಸೀಮೆಯ ಮಟ್ಟಿಗೆ ವಿಚಾರಿಸುವುದು ಈ ಲೇಖನದ ಉದ್ದೇಶ.

ನಮ್ಮ ಸತ್ಯಮಂಗಲಕ್ಕೆ ದೂರವಲ್ಲದ ದೇವರಾಯನದುರ್ಗದ ಬೆಟ್ಟಸಾಲಿನಲ್ಲಿ ಎರಡು ನದಿಗಳು ಹುಟ್ಟುತ್ತವೆ. ಶಿಂಷಾ ದಕ್ಷಿಣಕ್ಕೆ ಹರಿದು ಕಾವೇರಿಯನ್ನು ಸೇರುತ್ತದೆ. ಜಯಮಂಗಲಿ ಉತ್ತರಕ್ಕೆ ಹರಿದು ಉತ್ತರ ಪಿನಾಕಿನಿಯನ್ನು ಕೂಡಿಕೊಳ್ಳುತ್ತದೆ. ಇಂಥ ನದಿಗಳ ತವರಾದರೂ ನಮ್ಮದು ಮಳೆ ಕಡಿಮೆಯಾದ ಬಯಲುಸೀಮೆ. ಬೆಟ್ಟದ ಮಗ್ಗುಲನ್ನು ಬಿಟ್ಟರೆ ಮಲೆನಾಡಿನಂತಹ ದಟ್ಟ ಕಾಡು ಇಲ್ಲಿ ಸಲ್ಲದು. ಹುಲ್ಲು, ಜಾಲಿ, ಬೋರೆ, ತಂಗಡಿ ಇವೇ ಈ ನೆಲದ ಸಹಜ ಸಂಪತ್ತು. ಮಲೆನಾಡನ್ನು ಕಂಡು ಬಂದ ಕಣ್ಣಿಗೆ ಇದು ಬರಿದಾಗಿ ತೋರುವುದು ಸಹಜ. ಈ ತೋರಿಕೆಯಿಂದಲೇ ಅನೇಕ ತಪ್ಪು ತಿಳಿವಳಿಕೆಗಳು ಹುಟ್ಟಿದವೆಂದು ಹೇಳಬಹುದು.

ಹಿಂದಿನ ಅರಸರು ಈ ಬಯಲನ್ನು ಬರಿದೆಂದು ತಿಳಿಯಲಿಲ್ಲ. ಚಿಕ್ಕದೇವರಾಜ ಒಡೆಯರ (1672–1704) ಕಾಲದ ‘ಬೆಣ್ಣೆ ಚಾವಡಿ’ ಎಂಬ ಅರಮನೆಯ ದನಗಳ ಇಲಾಖೆಯೇ ಮುಂದೆ ಟಿಪ್ಪು ಸುಲ್ತಾನನ ಕಾಲದಲ್ಲಿ ‘ಅಮೃತಮಹಲ್’ ಎಂದು ಪ್ರಸಿದ್ಧವಾಯಿತು. ಈ ದನಗಳಿಗಾಗಿ ಮೀಸಲಿಟ್ಟ ಹುಲ್ಲುಗಾವಲುಗಳೇ ‘ಕಾವಲು’ಗಳು. ಬೇಸಿಗೆಯ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಎಂದು ಅವುಗಳನ್ನು ವಿಂಗಡಿಸಿದ್ದರು. ನೀರೂ ನೆರಳೂ ಇದ್ದ ಕಾವಲುಗಳನ್ನು ಬೇಸಿಗೆಗೆಂದು ಉಳಿಸಿ, ಉಳಿದ ಕಾಲದಲ್ಲಿ ಮಂದೆಯನ್ನು ಬೇರೆಡೆಗೆ ಹೊಡೆಯುತ್ತಿದ್ದರು. ಹೀಗೆ ಹುಲ್ಲಿಗೆ ಮತ್ತೆ ಚಿಗುರಲು ಬಿಡುವು ದೊರೆಯುತ್ತಿತ್ತು. ಹೈದರಾಲಿಯು 1781ರಲ್ಲಿ ಈ ಎತ್ತುಗಳ ಬಲದಿಂದ ಎರಡೂವರೆ ದಿನಗಳಲ್ಲಿ 100 ಮೈಲಿ ನಡೆದು ಚಿದಂಬರವನ್ನು ತಲುಪಿದನೆಂದು ಚರಿತ್ರಕಾರರು ಬರೆದಿದ್ದಾರೆ. ಕುಣಿಗಲಿನ ಕುದುರೆ ಫಾರಂ ಕೂಡ ಸೈನ್ಯದ ಕುದುರೆಗಳಿಗಾಗಿ ಅದೇ ಕಾಲದಲ್ಲಿ ಬೆಳೆದುಬಂದದ್ದು. ನೇಗಿಲು ಮುಟ್ಟದ ನೆಲವೇ ರಾಜ್ಯದ ಬಲವಾಗಿತ್ತೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಯುದ್ಧಗಳು ಇನ್ನೊಂದು ಬಗೆಯ ಕಾಡನ್ನೂ ಸೃಷ್ಟಿಸಿದವು. 1800ರಲ್ಲಿ ಗುಬ್ಬಿಯ ಮಾರ್ಗವಾಗಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಎಂಬ ಆಂಗ್ಲ ಸರ್ಕಾರದ ವೈದ್ಯನು, ದಂಡಿನ ಹಾವಳಿಯಿಂದ ಜನ ಚದುರಿ ಉಳುಮೆಯ ಹೊಲಗಳು ಪಾಳು ಬಿದ್ದದ್ದನ್ನು ಮೈಸೂರು ಸೀಮೆಯ ಅನೇಕ ಕಡೆ ಕಂಡನು. ಅದೇ ಸಮಯದಲ್ಲಿ, 1799ರಲ್ಲಿ ಶ್ರೀರಂಗಪಟ್ಟಣದ ಪತನವಾದ ಬಳಿಕ, ಈ ನಾಡಿಗೆ ಬಂದ ಪೂಜ್ಯ ಅಬ್ಬೆ ದ್ಯುಬೊವಾ ಅವರು ಚದುರಿದ ಕ್ರೈಸ್ತರನ್ನು ಒಗ್ಗೂಡಿಸಿ, ಹಾಸನ ಸೀಮೆಯ ಸಾತಳ್ಳಿಯಲ್ಲಿ ಬೇಸಾಯದ ನೆಲೆಗಳನ್ನು ಕಟ್ಟಿಸಿದರು. ಜನರು ಅವರನ್ನು ‘ದೊಡ್ಡಸ್ವಾಮಿಯವರು’ ಎಂದು ಕರೆದರು. ಹಸಿದವನಿಗೆ ಉಳಲು ನೆಲ ಬೇಕು; ನೇಗಿಲನ್ನು ದೂಷಿಸುವುದು ನಮ್ಮ ಉದ್ದೇಶವಲ್ಲ. ಹೊಲವು ಕಾಡಾಗುವುದೂ ಕಾಡು ಹೊಲವಾಗುವುದೂ ಮನುಷ್ಯನ ಸುಖದುಃಖಗಳಿಗೆ ಹೊಂದಿಕೊಂಡೇ ನಡೆದುಬಂದಿದೆ ಎಂಬುದನ್ನಷ್ಟೇ ಇಲ್ಲಿ ಗಮನಿಸಬೇಕು.

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಮೈಸೂರಿನಲ್ಲಿ ಸರ್ವೆ ಇಲಾಖೆ, ಅರಣ್ಯ ಇಲಾಖೆಗಳು ಹುಟ್ಟಿದ ಮೇಲೆ ನೆಲಕ್ಕೆಲ್ಲ ನಂಬರು ಬಂದಿತು. ನಂಬರಿನೊಡನೆ ಹೊಸ ಹೆಸರುಗಳೂ ಬಂದವು. ಹಳ್ಳಿಗರ ಬಾಯಲ್ಲಿ ಗೋಮಾಳ, ಗುಂಡುತೋಪು, ದೇವರಕಾಡು, ಕೆರೆಯಂಗಳ ಎಂದು ಒಂದೊಂದಕ್ಕೂ ಒಂದೊಂದು ಬಾಳು ಇತ್ತು. ಕಂದಾಯದ ಲೆಕ್ಕದಲ್ಲಿಯಾದರೋ ಹಣ ತರುವ ನೆಲ, ತರದ ನೆಲ ಎಂಬ ಭೇದವೇ ಮುಖ್ಯವಾಯಿತು. ತರದ ನೆಲಕ್ಕೆ ‘ಬೀಳು’, ‘ಖರಾಬು’ ಎಂದು ಬರೆದರು. ಖರಾಬು ಎಂದರೆ ಕೆಟ್ಟದ್ದು, ಹಾಳಾದದ್ದು ಎಂದರ್ಥ. ಇಂದಿಗೂ ನಮ್ಮ ಪಹಣಿಗಳಲ್ಲಿ ‘ಅ’ ಖರಾಬು, ‘ಬ’ ಖರಾಬು ಎಂಬ ಕಲಮುಗಳಿವೆ. ಬೇಸಾಯಕ್ಕೆ ಒದಗದ ಕಲ್ಲುನೆಲ ಮೊದಲನೆಯದು. ಸಾರ್ವಜನಿಕರ ದಾರಿ, ಹಳ್ಳ, ಕೆರೆ, ಸ್ಮಶಾನ ಮುಂತಾದವು ಎರಡನೆಯದು. ಊರಿನವರು ನಡೆಯುವ ದಾರಿ, ಕುಡಿಯುವ ನೀರು, ಹಿರಿಯರು ಪುನರುತ್ಥಾನದ ನಿರೀಕ್ಷೆಯಲ್ಲಿ ವಿಶ್ರಮಿಸುವ ಮಣ್ಣು, ಇವೆಲ್ಲ ಲೆಕ್ಕದ ಪುಸ್ತಕದಲ್ಲಿ ಖರಾಬು! ಇದು ನೆಲದ ಗುಣವನ್ನು ಹೇಳುವ ಮಾತಲ್ಲ, ಬೊಕ್ಕಸದ ಮಾತು. ಆದರೆ ಬರೆದ ಮಾತನ್ನು ಕಾಲಕ್ರಮದಲ್ಲಿ ಎಲ್ಲರೂ ನಂಬುವಂತಾಯಿತು.

ನಂಬಿಕೆಯ ಫಲ ನೀಲಗಿರಿ ಮರದ ಪ್ರಕರಣದಲ್ಲಿ ಕಾಣಿಸಿಕೊಂಡಿತು. ಟಿಪ್ಪುವಿನ ಕಾಲದಲ್ಲಿ ನಂದಿಬೆಟ್ಟಕ್ಕೆ ಬಂದಿತೆಂದು ಪ್ರತೀತಿಯಿರುವ ಈ ಪರದೇಶದ ಮರವನ್ನು, ಸ್ವಾತಂತ್ರ್ಯಾನಂತರ ‘ಬೀಳು’ ಭೂಮಿಯನ್ನು ಹಸಿರು ಮಾಡುವ ಹೆಸರಿನಲ್ಲಿ ಕೋಲಾರ, ತುಮಕೂರು ಜಿಲ್ಲೆಗಳ ತುಂಬ ನೆಡಲಾಯಿತು. ಸಾಮಾಜಿಕ ಅರಣ್ಯ ಯೋಜನೆಯ ಕಾಲದಲ್ಲಿ ಅದು ರಾಗಿಯ ಹೊಲಗಳಿಗೂ ಇಳಿಯಿತು. ನೆಟ್ಟವರಿಗೂ ಕಾರಣಗಳಿದ್ದವು: ಮಳೆ ನೆಚ್ಚುವಂತಿಲ್ಲ, ಆಳುಗಳ ಕೂಲಿ ಏರುತ್ತಿದೆ, ದನ ಮೇಯದ ಈ ಮರಕ್ಕೆ ಕಾವಲು ಬೇಡ, ತಿರುಳಿನ ಕಾರ್ಖಾನೆಗಳು ಕೊಳ್ಳುತ್ತವೆ. ಆದರೆ ದನ ಮೇಯದ ಮರದ ಕೆಳಗೆ ಬಡವನ ಕುರಿಗೆ ಮೇವೂ ಇಲ್ಲ. ರಾಗಿ ಹೋದಲ್ಲಿ ರಾಗಿಹುಲ್ಲೂ ಹೋಯಿತು. ಕಳೆ ಕೀಳುವ, ಕೊಯ್ಯುವ ಹೆಂಗಸರ ಕೂಲಿಯೂ ಹೋಯಿತು. 1983ರ ಆಗಸ್ಟ್ ತಿಂಗಳಲ್ಲಿ ನಮ್ಮ ಜಿಲ್ಲೆಯ ರೈತರು ಅರಣ್ಯ ಇಲಾಖೆಯ ಸಸಿಮಡಿಗಳಿಗೆ ಗುಂಪಾಗಿ ನಡೆದು, ನೀಲಗಿರಿ ಸಸಿಗಳನ್ನು ಕಿತ್ತು, ಆ ಜಾಗದಲ್ಲಿ ಹುಣಸೆ, ಮಾವುಗಳ ಬೀಜ ಹಾಕಿದರು. ಸಸಿ ಕೀಳುವುದು ನ್ಯಾಯವೋ ಅಲ್ಲವೋ ಎಂದು ಆಗ ವಾದಗಳಾದವು. ಆದರೆ ಅವರು ಕಿತ್ತು ಬರಿದೇ ಹಿಂದಿರುಗಲಿಲ್ಲ, ನೆರಳೂ ಹಣ್ಣೂ ಕೊಡುವ ಮರದ ಬೀಜ ಬಿತ್ತಿದರು ಎಂಬುದನ್ನು ಮರೆಯಬಾರದು. 2017ರಲ್ಲಿ ರಾಜ್ಯ ಸರ್ಕಾರವೇ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು.

ಇದೇ ಜಿಲ್ಲೆಯ ಗುಬ್ಬಿ ತಾಲ್ಲೂಕಿನಲ್ಲಿ ಹುಟ್ಟಿ, ಮಾಗಡಿ ತಾಲ್ಲೂಕಿನ ಹುಲಿಕಲ್ಲಿನಲ್ಲಿ ಬಾಳಿದ ಸಾಲುಮರದ ತಿಮ್ಮಕ್ಕನವರು ರಸ್ತೆಯ ಬದಿಯಲ್ಲಿ ನೆಟ್ಟದ್ದು ಆಲದ ಮರಗಳನ್ನು. 2019ರಲ್ಲಿ ಪದ್ಮಶ್ರೀ ಪಡೆದು 2025ರಲ್ಲಿ ನಿಧನರಾದ ಆ ತಾಯಿ ಆ ಗಿಡಗಳಿಗೆ ನೀರು ಹೊತ್ತು ಹಾಕಿದರು. ಅವರು ನೆಟ್ಟ ಜಾಗ ಯಾರ ಸ್ವತ್ತೂ ಅಲ್ಲ. ಬಂದ ನೆರಳು ದಾರಿಹೋಕರೆಲ್ಲರದು.

ಹಾಗೆಂದು ಎಲ್ಲೆಡೆಯೂ ಮರ ನೆಡುವುದೇ ಪುಣ್ಯವೆನ್ನಲಾಗದು. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಬಯಲು ಕೃಷ್ಣಮೃಗಗಳ ನೆಲೆ. ದೂರ ನೋಡಿ ಓಡಿ ಬದುಕುವ ಆ ಪ್ರಾಣಿಗೆ ಬಯಲೇ ಮನೆ, ಒತ್ತಾದ ಮರಗಳೇ ಸೆರೆ. ಸುಮಾರು 798 ಎಕರೆಯ ಆ ಹುಲ್ಲುಗಾವಲನ್ನು 2007ರಲ್ಲಿ ಜಯಮಂಗಲಿ ಸಂರಕ್ಷಣಾ ಮೀಸಲು ಎಂದು ಘೋಷಿಸಲಾಯಿತು. ಬರಿದಾಗಿ ತೋರುವ ನೆಲಕ್ಕೂ ರಕ್ಷಣೆ ಸಲ್ಲಬೇಕೆಂಬ ವಿವೇಕ ಅಲ್ಲಿ ಮೂಡಿತು.

ಇತ್ತ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 615 ಎಕರೆಯ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿ 6ರಂದು ಉದ್ಘಾಟನೆಗೊಂಡಿತು. ನಮ್ಮ ಸತ್ಯಮಂಗಲವೂ ಕೈಗಾರಿಕಾ ಪ್ರದೇಶವಾಗಿದೆ. ನಮ್ಮ ಮಕ್ಕಳಿಗೆ ಅಲ್ಲಿ ಕೆಲಸ ದೊರೆತರೆ ನಮಗೂ ಸಂತೋಷವೇ. ಆದರೂ ‘ಕಾವಲು’ ಎಂಬ ಹೆಸರು ಉಳಿದು ಹುಲ್ಲು ಹೋದ ಊರುಗಳಲ್ಲಿ, ಮಂದೆ ಮೇಯಿಸುತ್ತಿದ್ದವನು ಎಲ್ಲಿಗೆ ಹೋದನೆಂದು ಕೇಳುವುದು ಅಧಿಕಪ್ರಸಂಗವಾಗಲಾರದು.

ನೆಲವನ್ನು ಬೀಳು ಬಿಡುವುದನ್ನು ಪವಿತ್ರ ಗ್ರಂಥವು ನಷ್ಟವೆಂದು ಎಣಿಸುವುದಿಲ್ಲ. ಏಳನೆಯ ವರ್ಷ ಹೊಲವನ್ನು ಉಳದೆ ಬಿಡಬೇಕು, ಅಲ್ಲಿ ತಾನಾಗಿ ಬೆಳೆದದ್ದು ಬಡವರಿಗೆ, ಅವರು ಬಿಟ್ಟದ್ದು ಕಾಡುಮೃಗಗಳಿಗೆ ಎಂಬ ವಿಧಿ ವಿಮೋಚನಾಕಾಂಡದಲ್ಲಿದೆ. ದಿವಂಗತ ಜಗದ್ಗುರು ಫ್ರಾನ್ಸಿಸರು 2015ರ ‘ಲೌದಾತೊ ಸಿ’ ಎಂಬ ವಿಶ್ವಪತ್ರದಲ್ಲಿ ಭೂಮಿಯ ಗೋಳನ್ನೂ ಬಡವರ ಗೋಳನ್ನೂ ಒಟ್ಟಿಗೆ ಕೇಳಬೇಕೆಂದು ಬೋಧಿಸಿದರು. ಕಂದಾಯದ ಪುಸ್ತಕ ಬೀಳೆಂದ ನೆಲದಲ್ಲಿ ಈ ಇಬ್ಬರೂ ಎದುರಾಗುತ್ತಾರೆ.

ಈ ಶತಮಾನೋತ್ಸವದ ವರ್ಷದಲ್ಲಿ ನಮ್ಮ ಧರ್ಮಕೇಂದ್ರದ ಕುಟುಂಬಗಳಿಗೆ ನಮ್ಮ ಸೂಚನೆಯೊಂದಿದೆ. ಮನೆಯ ಹಿರಿಯರು ಜ್ಞಾಪಕದಲ್ಲಿಟ್ಟಿರುವ ಸುತ್ತಲ ಗೋಮಾಳ, ತೋಪು, ಹಳ್ಳ, ಕಟ್ಟೆ, ಕಾವಲುಗಳ ಹೆಸರುಗಳನ್ನು, ಅಲ್ಲಿ ಯಾರು ಏನು ಮೇಯಿಸುತ್ತಿದ್ದರು, ಯಾವ ಸೊಪ್ಪು, ಯಾವ ಹಣ್ಣು ದೊರೆಯುತ್ತಿತ್ತು ಎಂಬುದನ್ನು ಕಿರಿಯರು ಕೇಳಿ ಒಂದು ಪುಸ್ತಕದಲ್ಲಿ ಬರೆದಿಡಲಿ. ಮುಂದೆ ಅಂತಹ ನೆಲವನ್ನು ಮಾರುವ, ಬಗೆಯುವ, ಬೇಲಿ ಹಾಕುವ ಮಾತು ಬಂದಾಗ ಪಹಣಿಯ ಜೊತೆಗೆ ಆ ಪುಸ್ತಕವನ್ನೂ ತೆರೆದು ನೋಡಲಿ.